ಮ್ಯಾಲ

ಟೌನ್ ಹಾಲಿನ ಮೂವತ್ತು ಮೆಟ್ಟಿಲು
ಎಣಿಸುತ್ತ ಹತ್ತುವವರು ಹೊಸಬರು.
ನಾವು ಹತ್ತುವುದು ಬಿದಿರಿನ ಸಾರವೆ,
ಈ ಊರ ಮಾತಲ್ಲಿ ಪರಾಂಚಿ.
ಫೋರ್ಟಿನ ಬಿಸಿಲಿಗೆ ಒಂಬತ್ತಕ್ಕೇ
ಬಕೀಟಿನ ಕಿವಿ ಕಾದು ಕೈ ಸುಡುತ್ತದೆ.

ನನ್ನ ಪಾಲಿಗೆ ಬಂದದ್ದು ಎಡದಿಂದ ಮೂರನೆಯ ಕಂಬ.
ಪಾರಿವಾಳದ ಹಿಕ್ಕೆ, ಬಸ್ಸಿನ ಹೊಗೆ,
ಯಾರೋ ಮೊಳೆಯಲ್ಲಿ ನಾಗರಿ ಲಿಪಿಯಲ್ಲಿ ಕೆತ್ತಿದ 'ಸುನಂದಾ',
ಎಲ್ಲ ತೊಳೆಯಬೇಕು, ತಂತಿಬ್ರಷ್ ಮುಟ್ಟಕೂಡದು.
ತೆಂಗಿನ ನಾರು, ನೀರು, ಸಾವಕಾಶ.
ಹೀಗೆಂದವರು ಖೋರ್ಶೆದ್ ಬಾಯಿ,
ಕಲ್ಲಿನ ಡಾಕ್ಟರು, ಬಿಳಿ ಟೊಪ್ಪಿ, ಒಂದು ಕಾಲು ಕುಂಟು.

ಹಡಗಿನಲ್ಲಿ ಬಂದವಂತೆ ಈ ಕಂಬಗಳು.
ಹೆಚ್ಚಾದವು ಬೈಕುಲಾದ ಚರ್ಚಿಗೆ ಹೋದವಂತೆ.
ನಾವು ಸೊಲ್ಲಾಪುರದ ಗಾಡಿಯಲ್ಲಿ ಬಂದೆವು.
ಹೆಚ್ಚಾದವರು ಧಾರಾವಿಗೆ ಹೋದೆವು.

ಮೈತುಂಬ ಉದ್ದುದ್ದ ಸಾಲು,
ಹೊಲವನ್ನೇ ನೆಟ್ಟಗೆ ನಿಲ್ಲಿಸಿ ಉತ್ತ ಹಾಗೆ.
ಕೆಳಗೆ ಪೀಠವಿಲ್ಲ,
ನೆಲಕ್ಕೆ ಬರಿಗಾಲೂರಿ ನಿಂತದ್ದು.
ತಲೆಗೆ ಹೂವಿಲ್ಲ, ಎಲೆಯಿಲ್ಲ:
ಒಂದು ಸಿಂಬಿ, ಸಿಂಬಿಯ ಮೇಲೆ ಹಲಗೆ,
ಹಲಗೆಯ ಮೇಲೆ ಇಡೀ ಮನೆ.
"ಹೊರೆ ಹೊತ್ತ ಹೆಂಗಸು ಇದು" ಎಂದೆ.
"ಹಳಬರು ಇದನ್ನು ಗಂಡಸು ಅಂದರು" ಎಂದರು ಬಾಯಿ.
ಮರಳಿನ ಬುಟ್ಟಿ ಇಳಿಸುತ್ತಿದ್ದ ತಂಗೆವ್ವ
ಕಂಬವನ್ನು ಬುಡದಿಂದ ತುದಿಯ ತನಕ ನೋಡಿ
ಸಿಂಬಿ ಕೊಡವಿ ಹೊರಟಳು.

ಸಿಮೆಂಟಿನ ಖಾಲಿ ಚೀಲದ ಮೇಲೆ
ಬಾಯಿ ಗ್ರೀಸಿನ ಗುಡಿಯೊಂದನ್ನು ಬರೆದು ತೋರಿಸಿದರು:
ಮೊದಲು ಅದೆಲ್ಲ ಮರದ್ದಂತೆ.
ಮರ ಹೋಗಿ ಕಲ್ಲು ಬಂದ ಮೇಲೂ
ತೊಲೆಯ ತುದಿಯನ್ನು, ತೊಲೆಗೆ ಬಡಿದ ಬೆಣೆಯನ್ನು
ಕಲ್ಲಿನಲ್ಲೇ ಕಡೆದಿಟ್ಟರಂತೆ,
ಸೂರಿನ ಕೆಳಗೆ ಆರಾರು ಹನಿ,
ಏನನ್ನೂ ಹಿಡಿದಿರದ ಬೆಣೆ.

ಚಹಾದ ಹೊತ್ತಿಗೆ ಕೇಳಿದೆ:
ಡೋರಿಕ್ ಅಂದರೆ ಯಾರ ಹೆಸರು?
ಒಂದು ಜನದ್ದು. ಅವರ ಮಾತಿನದ್ದೂ.
ಅಥೆನ್ಸಿನವರು ತಾಯಿಗೆ 'ಮೇತೇರ್' ಅಂದರೆ
ಇವರು 'ಮಾತೇರ್' ಅನ್ನುವರು.
ಏ ಇದ್ದಲ್ಲಿ ಆ.
ಅಷ್ಟಗಲ ಬಾಯಿ ತೆರೆದದ್ದಕ್ಕೆ
ಪಟ್ಟಣದವರು ನಗುವರು.

ಬಸಿ ತುಟಿಯ ಹತ್ತಿರ ನಿಂತಿತು.

ಇಲ್ಲೇ, ಎರಡು ಗಲ್ಲಿ ಆಚೆ, ರಾತ್ರಿಶಾಲೆ.
ಹಗಲೆಲ್ಲ ಬಸಿ ತೊಳೆದು ಸುಕ್ಕಾದ ಬೆರಳಲ್ಲಿ ಬಳಪ.
ಪಾಂಗಾಳ ಮಾಸ್ತರು, ಕಡಲ ಕಡೆಯವರು,
ನನ್ನ ಪಾಟಿಯ ಮೇಲೆ 'ಮ್ಯಾಲ' ಕಂಡು
ಯ-ಒತ್ತನ್ನು ಹೆಬ್ಬೆರಳಲ್ಲಿ ಒರೆಸಿದರು.
ಮೇಲೆ.
ಬ್ಯಾಡ ಅಲ್ಲ, ಬೇಡ.
ದ್ಯಾವ್ರು ಅಲ್ಲವೋ, ದೇವರು.
ಬಾಯಿ ಇಷ್ಟೇ ತೆರೆ, ಎಂದು
ಎರಡು ಬೆರಳ ನಡುವೆ ಅಳತೆ ತೋರಿದರು.
ಒಳ್ಳೆಯವರು. ಪುಕ್ಕಟೆ ಕಲಿಸಿದರು,
ಒಮ್ಮೆ ನನ್ನ ಜ್ವರಕ್ಕೆ ಗಂಜಿ ತಂದರು.
ನಾನು ಇವತ್ತಿಗೂ ಬರೆಯುವುದು ಅವರು ಕೊಟ್ಟ ಏ.
ಈ ಪದ್ಯವೂ ಅದರಲ್ಲೇ.

ಆದರೆ ಸಾರವೆಯ ತುದಿಯಿಂದ ಕೂಗಬೇಕಾದರೆ
ಏ ಸಾಲದು.
ಹಾರ್ನುಗಳ ನಡುವೆ ಸಿಕ್ಕಿ ಅರ್ಧ ದಾರಿಯಲ್ಲೇ ಉದುರುತ್ತದೆ.
"ತಂಗೆವ್ವಾ, ನೀರ ಮ್ಯಾಲ ಕಳಸು!"
"ಬಕೀಟ ನಿನ್ನ ಹಂತ್ಯಾಕ ಐತಲ್ಲೋ, ಮ್ಯಾಲ!"
ಮೆಟ್ಟಿಲ ಮೇಲೆ ಪರೀಕ್ಷೆಗೆ ಓದುತ್ತಿದ್ದ ಹುಡುಗರು
ಪುಸ್ತಕದಿಂದ ತಲೆಯೆತ್ತಿ ನಕ್ಕರು.

ಬಕೀಟು ಇಳಿಯಿತು, ತುಂಬಿ ಏರಿತು.
ಐದು ಗಂಟೆಯ ತನಕ ಉಜ್ಜಿದೆ.
ಸು ಹೋಯಿತು, ನಂ ಹೋಯಿತು, ದ ಮಸುಕಾಯಿತು.
ಕೊನೆಯ ದೀರ್ಘ ಮಾತ್ರ,
ಅವನಿಗೆ ಏನಾಗಿತ್ತೋ, ಮೊಳೆಯನ್ನು ಅಷ್ಟು ಒತ್ತಿದ್ದ,
ಕಲ್ಲಿನೊಳಗೇ ಉಳಿಯಿತು:
ಒಂದು ಗೀಟು,
ನೆಟ್ಟಗೆ,
ಕೆಳಗೆ ಏನೂ ಇಲ್ಲದೆ.